ಕೆಂಪು ಗಂಟು ಹಾಕದ ತಪ್ಪುಗಳು

ಹತ್ತನೆಯ ತರಗತಿಯ ಗಣಿತ ಪತ್ರಿಕೆಗಳ ಮೌಲ್ಯಮಾಪನಕ್ಕೆ ಈ ಏಪ್ರಿಲ್ ತಿಂಗಳು ಗದಗಕ್ಕೆ ಹೋಗಿದ್ದೆ. ಮೂರನೆಯ ದಿನ ನನ್ನ ಪಾಲಿನ ಕಟ್ಟು ಬೇಗ ಮುಗಿಯಿತು. ಈಗ ಕೆಲಸ ಮಾಡುವ ಶಿಗ್ಲಿಗೆ ಬಸ್ಸು ಹಿಡಿಯಬೇಕಾದವಳು ಆಟೋ ಹತ್ತಿ "ಬೆಟಗೇರಿ" ಎಂದೆ. ಹೇಳಿದ ಮೇಲೆ ನನಗೇ ದಿಗಿಲಾಯಿತು. ಗದಗಕ್ಕೆ ಎಷ್ಟು ಸಲ ಬಂದರೂ ಏಳು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ.

ನೇಕಾರರ ಓಣಿಯ ಬಾಯಲ್ಲಿ ಇಳಿದೆ. ಬಿಸಿಗಾಳಿಯ ಜೊತೆ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ ಬಂತು. ಮಗ್ಗಗಳು ಕಡಿಮೆಯಾಗಿವೆ, ವಾಸನೆ ಮಾತ್ರ ಹಾಗೇ ಇದೆ. ಆ ವಾಸನೆಗೆ ನಾನಲ್ಲಿ ಕಳೆದ ಒಂದು ವರ್ಷ ಎದ್ದು ಬಂದು ಎದುರು ನಿಂತಿತು. ಇಷ್ಟು ದಿನ ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಂಡ ವರ್ಷ.

ಆಗ ನನಗೆ ಇಪ್ಪತ್ತೆಂಟು. ಲಕ್ಷ್ಮೇಶ್ವರದಲ್ಲಿ ಬೆಳೆದವಳು, ಬೆಟಗೇರಿಯ ಹೈಸ್ಕೂಲಿಗೆ ಗಣಿತದ ಶಿಕ್ಷಕಿಯಾಗಿ ಬಂದಿದ್ದೆ. ಆಷಾಢದ ಗಾಳಿ ಮುಖಕ್ಕೆ ಮಣ್ಣೆರಚುತ್ತಿದ್ದ ದಿನಗಳಲ್ಲಿ ನಾಲ್ಕು ಓಣಿ ಅಲೆದು ಬಾಡಿಗೆಗೆ ಹಿಡಿದದ್ದು ನೀಲವ್ವನ ಮನೆಯ ಮುಂದಿನ ಕೋಣೆ. ಹಿಂದೆ ಅದು ಮಗ್ಗದ ಕೋಣೆ. ಗಂಡ ತೀರಿಕೊಂಡ ಮೇಲೆ ನೀಲವ್ವ ಮಗ್ಗ ಮಾರಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಕಿಸಿದ್ದಳು. ಆದರೂ ಆ ಜಾಗ ಸ್ವಲ್ಪ ತಗ್ಗಾಗೇ ಇತ್ತು. ನನ್ನ ಮಂಚದ ಒಂದು ಕಾಲಿಗೆ ವರ್ಷವಿಡೀ ಮಡಚಿದ ಕಾಗದದ ಆಸರೆ ಕೊಟ್ಟಿದ್ದೆ.

ನೀಲವ್ವನಿಗೆ ಅರವತ್ತು ದಾಟಿತ್ತು. ಎತ್ತರದ ಆಳು, ಮಾತು ಖಾರ. ಇದ್ದೊಬ್ಬ ಮಗಳು ರೇಣುಕಾಳನ್ನು ಮುಂಡರಗಿಗೆ ಕೊಟ್ಟಿದ್ದಳು. ನಾನು ಅವಳನ್ನು ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕು ಎನ್ನುತ್ತಿದ್ದೆ. ಅವಳು ಮೊದಲೆರಡು ವಾರ ನನ್ನನ್ನು, ಊರವರು ಶಿಕ್ಷಕಿಯರನ್ನು ಕರೆಯುವಂತೆ, "ಅಕ್ಕೋರ" ಎಂದು ಕರೆದಳು. ಒಂದು ದಿನ ನಾನು ಮಾಡಿದ ಸೊಟ್ಟ ರೊಟ್ಟಿ ನೋಡಿ, "ಇದೇನ ಲೇ ತಂಗಿ, ಮುಂಡರಗಿ ನಕಾಶಿ ಬಡದಿಯಲ್ಲ!" ಎಂದು ನಕ್ಕಳು. ಅಂದಿನಿಂದ ತಂಗಿಯಾದೆ.

ಅವಳ ಕೈಯಲ್ಲಿ ಯಾವಾಗಲೂ ಎರಡು ಸಣ್ಣ ಉಕ್ಕಿನ ಕಡ್ಡಿಗಳು ಇರುತ್ತಿದ್ದವು. ಮಗ್ಗದವರ ಮನೆಗಳಲ್ಲಿ ಉಳಿಯುವ ಹತ್ತಿ ನೂಲಿನಲ್ಲಿ ಲೇಸು ಹೆಣೆಯುತ್ತಿದ್ದಳು. ಚಿಕ್ಕಂದಿನಲ್ಲಿ ಹೊಲಿಗೆ ಕ್ಲಾಸಿನ ಶಿಕ್ಷಕಿ ಕಲಿಸಿದ್ದಂತೆ. ಮೇಜಿನ ಹಾಸು, ದೇವರ ಮುಂದಿನ ತೆರೆ, ಮದುಮಗಳ ಶಾಲು, ಹೀಗೆ ಗದಗದ ಎಷ್ಟೋ ಮನೆಗಳಲ್ಲಿ ಅವಳ ಕೈಕೆಲಸವಿತ್ತು. ನನಗೂ ಕಲಿಯುವ ಆಸೆಯಾಯಿತು. ಲೇಸಿನಲ್ಲಿ ಇರುವುದೆಲ್ಲ ಲೆಕ್ಕವೇ. ದಾರವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿದರೆ ಅಲ್ಲೊಂದು ತೂತಾಗುತ್ತದೆ, ಒಂದು ಕುಣಿಕೆ ಹೆಚ್ಚಾಗುತ್ತದೆ. ಪಕ್ಕದಲ್ಲಿ ಎರಡು ಕುಣಿಕೆ ಜೋಡಿಸಿ ಒಂದು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಸುತ್ತು ಮರೆತರೆ ಸಾಲಿನ ಕೊನೆಗೆ ಒಂದು ಕಮ್ಮಿ, ಜೋಡಿ ಮರೆತರೆ ಒಂದು ಹೆಚ್ಚು. ಗಣಿತದವಳಿಗೆ ಇದಕ್ಕಿಂತ ಚೆಂದದ ಕೆಲಸ ಯಾವುದಿದೆ?

ಆದರೆ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಕೈ ತಪ್ಪದೆ ಇರುತ್ತದೆಯೇ? ಶ್ರಾವಣ ಪೂರ್ತಿ ನಾನು ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಒಂದು ಸಂಜೆ ಗೇಣುದ್ದದ ಲೇಸು ಕಡ್ಡಿಯಿಂದ ಜಾರಿ ನೋಡನೋಡುತ್ತ ಬಿಚ್ಚಿಕೊಂಡಾಗ ಕಣ್ಣಲ್ಲಿ ನೀರೇ ಬಂತು.

"ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ," ಎಂದು ನೀಲವ್ವ ನಕ್ಕಳು. "ಅಳಬ್ಯಾಡ. ಕಾವಲೆಳಿ ಹಾಕಿದ್ದಿಲ್ಲ, ಅದಕ್ಕ ಹಿಂಗಾತು. ಬಾ ಇಲ್ಲೆ, ತೋರಸ್ತೀನಿ."

ಹತ್ತು ಸಾಲು ಹೆಣೆದು ಎಣಿಸಿ ಸರಿಯಿದ್ದರೆ, ದಬ್ಬಣಕ್ಕೆ ಕೆಂಪು ದಾರ ಪೋಣಿಸಿ ಆ ಸಾಲಿನ ಅಷ್ಟೂ ಕುಣಿಕೆಗಳ ಒಳಗಿಂದ ಹಾಯಿಸಿಬಿಡುತ್ತಿದ್ದಳು. ಅದೇ ಕಾವಲು ಎಳೆ. ಮುಂದೆ ಏನೇ ಕೆಟ್ಟರೂ ಅಲ್ಲಿಯವರೆಗೆ ಮಾತ್ರ ಬಿಚ್ಚಿಕೊಳ್ಳುತ್ತದೆ, ಅದರ ಕೆಳಗಿನದು ಭದ್ರ. ಪೂರಾ ಸಾಲು ಬಿಚ್ಚುವುದು ಬೇಡವೆಂದರೆ ಇನ್ನೊಂದು ಉಪಾಯವೂ ಇತ್ತು. ತಪ್ಪು ಬಿದ್ದ ಕಡೆ ಒಂದೆರಡು ಕುಣಿಕೆಗಳನ್ನಷ್ಟೇ ಏಣಿಯ ಮೆಟ್ಟಿಲಿಳಿದಂತೆ ಕೆಳಕ್ಕೆ ಬಿಡಿಸಿ, ತಪ್ಪು ತಿದ್ದಿ, ಕೊಕ್ಕೆಯ ಕಡ್ಡಿಯಿಂದ ಒಂದೊಂದೇ ಮೇಲೆತ್ತುವುದು. ಕಷ್ಟದ ಕೆಲಸ. ಅದನ್ನೂ ಕಲಿಸಿದಳು.

"ಎಲ್ಲಾ ಮುಗದ ಮ್ಯಾಲ ತಪ್ಪು ಕಂಡ್ರ?" ಎಂದು ಕೇಳಿದೆ.

ನೀಲವ್ವ ಒಂದು ಹಳೆಯ ಹಾಸನ್ನು ಮಗುಚಿ ತೋರಿಸಿದಳು. ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದಾರದ ಗಂಟೊಂದಿತ್ತು. "ಇಲ್ಲೊಂದು ಸುತ್ತು ಮರತೀನಿ. ತಿದ್ದಾಕ ಬರೂದಿಲ್ಲ ಅಂದ್ರ ಗಂಟು ಹಾಕಿ ಕೊಡೂದು. ತಗೊಂಡವ್ರಿಗೆ ಗೊತ್ತಿರಲಿ. ಹೆಣದಾಕಿಗೂ ಗೊತ್ತಿತ್ತು ಅಂತ ತಿಳೀಲಿ. ತಪ್ಪಂತೂ ಆಗತಾವ, ಮುಚ್ಚಬಾರ್ದು ಅಷ್ಟ."

ಎಂಥ ಒಳ್ಳೆಯ ಮಾತು ಎಂದುಕೊಂಡೆ. ಮರುದಿನ ಶಾಲೆಯಲ್ಲಿ ಮಕ್ಕಳಿಗೂ ಹೇಳಿದೆ. ಮಂದಿಗೆ ಹೇಳಲು ನನ್ನ ಬಾಯಿ ಬಲು ಜೋರು.

ದಸರೆಯ ಹೊತ್ತಿಗೆ ಮುಂಡರಗಿಯಿಂದ ಖಬರು ಬಂತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ರೇಣುಕಾ ಬಸುರಿ. ನೀಲವ್ವ ಅಂದೇ ಬೇರೆಯವರ ಕೆಲಸವನ್ನೆಲ್ಲ ಬದಿಗಿಟ್ಟು, ಬಿಳಿ ನೂಲಿನಲ್ಲಿ ತೊಟ್ಟಿಲ ಮೇಲೆ ಹೊದಿಸುವ ಶಾಲು ಹೆಣೆಯಲು ಶುರುಮಾಡಿದಳು. ನಡುವೆ ಮಾವಿನ ಎಲೆ, ಸುತ್ತ ಜೋಳದ ತೆನೆಯ ಅಂಚು. ಅಷ್ಟು ಕಷ್ಟದ ನಮೂನೆಯನ್ನು ಅವಳು ಅದಕ್ಕೆ ಮೊದಲು ಒಂದೇ ಸಲ, ರೇಣುಕಾಳ ತೊಟ್ಟಿಲಿಗೆ ಹೆಣೆದಿದ್ದಳಂತೆ.

ದೀಪಾವಳಿಯ ರಜೆಯಲ್ಲಿ ಮೊದಲ ಸಲ ಅವಳ ಶಾಲಿನಲ್ಲಿ ತಪ್ಪು ಕಂಡಿತು. ತೆನೆಯೊಂದರಲ್ಲಿ ತೂತಿರಲಿಲ್ಲ. ಗುರುವಿಗೆ ತಿರುಮಂತ್ರ ಹೇಳುವ ಉಮೇದಿನಲ್ಲಿ, "ಕಾಕು, ಇಲ್ಲಿ ಒಂದು ಸುತ್ತು ಮರತೀರಿ ನೋಡ್ರಿ!" ಎಂದುಬಿಟ್ಟೆ. ನೀಲವ್ವ ಶಾಲನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಕೊನೆಗೆ ಕಡ್ಡಿ ಎಳೆದು ಕೆಂಪು ಎಳೆಯವರೆಗೆ ಬಿಚ್ಚಿದಳು. ನಾಲ್ಕು ದಿನದ ಕೆಲಸ. ಅಂದು ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದಳು. ಹಬ್ಬದ ದಿನ ಅವಳ ಮುಖ ಸಣ್ಣದಾದದ್ದು ನೋಡಿ, ಇನ್ನು ಮೇಲೆ ಹೇಳಬಾರದು ಎಂದು ಶಪಥ ಮಾಡಿದೆ.

ಹೇಳಲಿಲ್ಲ. ತಿದ್ದಿದೆ.

ಸಂಜೆ ಅವಳು ಗುಡಿಗೆ ಹೋದರೆ ಮುಕ್ಕಾಲು ಗಂಟೆ ಮನೆ ನನ್ನದು. ಶಾಲು ಎತ್ತಿಕೊಂಡು ಬಾಗಿಲ ಬೆಳಕಿಗೆ ಕೂತು, ಅವತ್ತಿನ ಸಾಲುಗಳನ್ನು ಉತ್ತರ ಪತ್ರಿಕೆ ನೋಡುವ ಹಾಗೆ ನೋಡುತ್ತಿದ್ದೆ. ಹತ್ತು ದಿನಕ್ಕೊಂದು, ಎರಡು ವಾರಕ್ಕೊಂದು ತಪ್ಪು ಸಿಗುತ್ತಿತ್ತು, ಎಲ್ಲ ಅಂಚಿನಲ್ಲೇ. ಕುಣಿಕೆ ಇಳಿಸಿ, ತಿದ್ದಿ, ಕೊಕ್ಕೆ ಕಡ್ಡಿಯಿಂದ ಮೇಲೆತ್ತಿ, ಮೊದಲಿದ್ದ ಹಾಗೆ ಮಡಚಿಡುತ್ತಿದ್ದೆ. ಅವಳ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಅರ್ಧ ಸೊಕ್ಕು. ಗುರುವಿಗಿಂತ ನನ್ನ ಕೈ ಮೇಲಾಯಿತು ಎಂಬುದು ಬೆಲ್ಲದಷ್ಟು ಸಿಹಿಯಾಗಿತ್ತು.

ಮರುದಿನ ನೀಲವ್ವ ಸಾಲು ಎಣಿಸಿ ತಾನೇ ಗೊಣಗುತ್ತಿದ್ದಳು. "ನಿನ್ನಿ ಒಂದು ಕಮ್ಮಿ ಬಂದಿತ್ತು. ಇವತ್ತ ಬರೋಬ್ಬರಿ ಐತಿ. ಎಣಸೂದ ಮರತೆ ಅಂತ ಕಾಣತೈತಿ ನಾನು."

"ಹೌದ್ರಿ ಕಾಕು, ಎಣಿಸುವಾಗ ತಪ್ಪಿರಬೇಕ್ರಿ," ಎನ್ನುತ್ತಿದ್ದೆ ನಾನು.

ಬೇರೆ ಕುರುಹುಗಳೂ ಇದ್ದವು. ಚಹದ ಲೋಟಕ್ಕೆ ಕೈ ಚಾಚಿದರೆ ಪಕ್ಕದ ನೆಲ ಮುಟ್ಟುತ್ತಿದ್ದಳು. ನಲವತ್ತು ವರ್ಷ ಓಡಾಡಿದ ಬಾಗಿಲಿಗೇ ಭುಜ ಬಡಿಸಿಕೊಂಡು, ಬಾಗಿಲನ್ನೇ ಬೈಯುತ್ತಿದ್ದಳು. "ಈ ಬಲ್ಬ ಮಂದ ಆಗೈತಿ ನೋಡ," ಎಂದಳೊಮ್ಮೆ. ನಾನು ಜಾಣೆ, ಅಂದೇ ಪೇಟೆಗೆ ಹೋಗಿ ದೊಡ್ಡ ಬೆಳಕಿನ ಬಲ್ಬು ತಂದು ಹಾಕಿದೆ. ಬಲ್ಬು ಮಂದವಾಗಿರಲಿಲ್ಲ ಎಂದು ನನಗೆ ಯಾಕೆ ಹೊಳೆಯಲಿಲ್ಲವೋ! ಶಾಲೆಯಲ್ಲಿ ಒಂದೇ ಬಗೆಯ ತಪ್ಪನ್ನು ಮೂರು ಸಲ ಮಾಡಿದ ಮಗುವನ್ನು ಕರೆದು ಕೂರಿಸಿ ಕಾರಣ ಹುಡುಕುತ್ತಿದ್ದೆ. ಯಾವ ಮಗುವಿನ ಲೆಕ್ಕವನ್ನೂ ನಾನೇ ತಿದ್ದಿ ಬರೆದು ಸರಿ ಎಂದು ಗುರುತು ಹಾಕಿದವಳಲ್ಲ. ಮನೆಯಲ್ಲಿ ಅದನ್ನೇ ಮಾಡಿದೆ.

ಸಂಕ್ರಾಂತಿ ಕಳೆದ ವಾರ ನಮ್ಮ ಶಾಲೆಯಲ್ಲೇ ಕಣ್ಣಿನ ತಪಾಸಣೆಯ ಶಿಬಿರ ನಡೆಯಿತು. ಓಣಿಯವರ ಹೆಸರು ಬರೆದುಕೊಳ್ಳುವ ಕೆಲಸ ನನ್ನದೇ. ಹಿಂದಿನ ದಿನ ಎದುರು ಮನೆಯ ಸಾವಂತ್ರೆವ್ವ ಹೆಸರು ಬರೆಸಲು ನಮ್ಮ ಮನೆಗೆ ಬಂದವಳು, "ನೀಲಾ, ನೀನೂ ಬಾ. ಮೊನ್ನೆ ಸಂತ್ಯಾಗ ನಾ ಬಾಜೂಕ ನಿಂತ್ರೂ ನೋಡ್ಲಿಲ್ಲ ನೀನು," ಎಂದಳು.

ನೀಲವ್ವ ಅಲ್ಲೇ ಕಟ್ಟೆಯ ಮೇಲೆ ಹೆಣೆಯುತ್ತಿದ್ದಳು. ಶಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಬಿಸಿಲು ಸಾವಿರ ತೂತುಗಳಿಂದ ಇಳಿದು ಅವಳ ಸೀರೆಯ ಮೇಲೆ ಬಿತ್ತು.

"ಇದನ್ನ ನೋಡ ಸಾವಂತ್ರಿ. ಒಂದ ಒಂದು ತಪ್ಪು ಐತೇನು? ಕಣ್ಣು ಕೆಟ್ಟಿದ್ರ ಹೆಣಕಿ ಮೊದ್ಲ ಹೇಳತಿತ್ತು. ಯಾವ ಡಾಕ್ಟರ್ ಬೇಕು ನನಗ?" ಎಂದು ನನ್ನ ಕಡೆ ತಿರುಗಿದಳು. "ಹೌದಿಲ್ಲೋ ತಂಗಿ? ನೀನ ಹೇಳ, ನೀ ಲೆಕ್ಕದಾಕಿ."

ಪೆನ್ನು ನನ್ನ ಕೈಯಲ್ಲಿತ್ತು. ಪಟ್ಟಿಯಲ್ಲಿ ಒಂದು ಗೆರೆ ಖಾಲಿ ಇತ್ತು. ಆರು ಕಡೆ ತಿದ್ದಿದ್ದೇನೆ ಕಾಕು, ಬಂದು ತೋರಿಸಿಕೊಳ್ಳಿರಿ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಸಾವಂತ್ರೆವ್ವನ ಎದುರು ಅವಳಿಗೆ ಅವಮಾನವಾದೀತು, ನನ್ನ ಕಳ್ಳಗೆಲಸ ಬಯಲಾದೀತು ಎಂದು ಹೆದರಿದೆ.

"ಹೌದ್ರಿ ಕಾಕು. ಒಂದೂ ತಪ್ಪಿಲ್ರಿ," ಎಂದೆ.

ಆ ಗೆರೆಯಲ್ಲಿ ಬೇರೆ ಯಾರದೋ ಹೆಸರು ಬರೆದೆ.

ರೇಣುಕಾ ಹೆರಿಗೆಗೆ ತವರಿಗೆ ಬಂದಳು. ಪರೀಕ್ಷೆಗಳು ಶುರುವಾಗುವ ಹೊತ್ತಿಗೆ ಹೆಣ್ಣು ಮಗುವಾಯಿತು. ಶಾಲೂ ಮುಗಿಯಿತು. ಹೆಸರಿಡುವ ದಿನ ಮುಂಡರಗಿಯಿಂದ ಬೀಗರು ಬಂದರು. ತೊಟ್ಟಿಲ ಮೇಲೆ ಹೊದಿಸಿದ ಶಾಲನ್ನು ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. "ಈ ವಯಸ್ಸಿನ್ಯಾಗ ಎಂಥಾ ಕಣ್ಣ ನಿಮ್ಮವು!" ಎಂದಳು ಯಾರೋ. ನೀಲವ್ವ ಉಬ್ಬಿದಳು. ಪಕ್ಕದಲ್ಲಿ ನಿಂತು ನಾನೂ ಒಳಗೊಳಗೇ ಉಬ್ಬಿದೆ.

ಸೋದರತ್ತೆ ಕೂಸಿನ ಕಿವಿಯಲ್ಲಿ "ಸಿರಿ" ಎಂದು ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು, ನಗೆಯೋ ನಗೆ. ಆಮೇಲೆ ರೇಣುಕಾಳ ಅತ್ತೆ ಕೂಸನ್ನು ಎತ್ತಿಕೊಂಡು ನೀಲವ್ವನ ಎಡಬದಿಗೆ ಬಂದು, "ಹಿಡೀರಿ, ಮೊಮ್ಮಗಳನ್ನ," ಎಂದು ಕೈ ಚಾಚಿದಳು.

ಗದ್ದಲದಲ್ಲಿ ಆ ಮಾತು ಕೇಳಲಿಲ್ಲವೇನೋ. ನೀಲವ್ವ ಮುಂದೆ ನೋಡುತ್ತ ನಗುತ್ತಲೇ ನಿಂತಿದ್ದಳು. ಮೊಣಕೈ ಹತ್ತಿರವೇ ಕೂಸು. ಅವಳು ತಿರುಗಲಿಲ್ಲ. ಬೀಗತಿಯ ಕೈ ಹಾಗೇ ಉಳಿಯಿತು. ನಗೆ ಒಂದೊಂದಾಗಿ ನಿಂತಿತು.

"ಯಾಕ್ರೀ ಬೀಗತಿ? ಹೆಣ್ಣಂತ ಮಾರಿ ತಿರುವಿದ್ರೇನು?"

ನೀಲವ್ವ ಬೆಚ್ಚಿ ಸುತ್ತ ತಡಕಾಡಿದಳು. "ಎಲ್ಲೆ? ಕೂಸು ಎಲ್ಲೆ ಐತಿ?" ಎಂದಳು. ಐದು ತಿಂಗಳ ತಪ್ಪುಗಳೆಲ್ಲ ಒಟ್ಟಿಗೆ ಎದುರು ಬಂದವು. ಎಲ್ಲವೂ ಅಂಚಿನಲ್ಲಿದ್ದವು.

ಮರುದಿನ ನಾನೇ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ ಏರಿ ನರ ಒಣಗಿದೆ ಎಂದರು ಡಾಕ್ಟರು. ಇದರಲ್ಲಿ ನೋವಿಲ್ಲ, ಬದಿಯ ನೋಟ ಮೊದಲು ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧದಿಂದ ಕಾಯ್ದುಕೊಳ್ಳಬೇಕು. ಉಳಿದದ್ದು ಬಹಳ ಕಡಿಮೆ.

"ಇಷ್ಟ ತಡಾ ಯಾಕ ಮಾಡಿದ್ರಿ ಅಮ್ಮಾ? ನಾಕೈದು ತಿಂಗಳ ಮೊದ್ಲ ಬಂದಿದ್ರ ಇನ್ನಷ್ಟು ಉಳಸಬಹುದಿತ್ತು. ಏನೂ ಗೊತ್ತಾಗಲಿಲ್ಲೇನು?"

"ಏನೂ ಇಲ್ರಿ ಸಾಹೇಬ್ರ," ಎಂದಳು ನೀಲವ್ವ. "ಲೇಸು ಹೆಣೀತೀನ್ರಿ ನಾನು. ಒಂದೂ ತಪ್ಪು ಬಿದ್ದಿಲ್ರಿ. ಬೇಕಾದ್ರ ಈ ಅಕ್ಕೋರನ್ನ ಕೇಳ್ರಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಬುದ್ಧಿ ಬಂದರೂ ಬಾಯಿ ಬರಲಿಲ್ಲ ನನಗೆ. ಬಸ್ಸಿನಲ್ಲಿ ಹೇಳೋಣ ಎಂದುಕೊಂಡೆ, ಹೇಳಲಿಲ್ಲ. ಯುಗಾದಿಗೆ ಹೇಳೋಣ ಎಂದುಕೊಂಡೆ. ಜೂನ್ ಬರುವಷ್ಟರಲ್ಲಿ ಅರ್ಜಿ ಹಾಕಿ ಶಿಗ್ಲಿಗೆ ವರ್ಗ ಮಾಡಿಸಿಕೊಂಡೆ. ಊರಿಗೆ ಹತ್ತಿರವಾಗುತ್ತದೆ ಎಂದು ಎಲ್ಲರಿಗೂ ಕಾರಣ ಹೇಳಿದೆ. ಹೊರಡುವ ದಿನ ನೀಲವ್ವ ಒಂದು ಜೊತೆ ಕಡ್ಡಿ ನನ್ನ ಕೈಗಿಟ್ಟು, "ನಿನ್ನ ಕೈ ಭಾಳ ಚಲೋ ಐತಿ. ಬಿಡಬ್ಯಾಡ," ಎಂದಳು. ಆ ಕಡ್ಡಿಗಳನ್ನು ನಾನು ಇಂದಿಗೂ ಮುಟ್ಟಿಲ್ಲ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ಅಷ್ಟೆ.

ಇದೆಲ್ಲ ಓಣಿಯ ಬಾಯಿಂದ ಮನೆಯ ಕಟ್ಟೆಯವರೆಗೆ ನಡೆಯುವಷ್ಟರಲ್ಲಿ ಹಾದುಹೋಯಿತು. ಬಾಗಿಲು ತೆರೆದವಳು ರೇಣುಕಾ. ತಾಯಿಯ ನೋಟ ಪೂರ್ತಿ ಹೋದ ಮೇಲೆ ಗಂಡ, ಮಗಳ ಸಮೇತ ಬೆಟಗೇರಿಗೇ ಬಂದು ನೆಲೆಸಿದ್ದಾಳೆ. "ಅವ್ವಾ, ಯಾರ ಬಂದಾರ ನೋಡ," ಎಂದು ಕೂಗಿ, ನೋಡ ಎಂದದ್ದಕ್ಕೆ ತಾನೇ ನಾಲಗೆ ಕಚ್ಚಿಕೊಂಡಳು.

ನೀಲವ್ವ ನನ್ನ ಹಳೆಯ ಕೋಣೆಯಲ್ಲಿ, ನೆಲ ತಗ್ಗಾಗಿದ್ದ ಆ ಜಾಗದಲ್ಲೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣು ತೆರೆದೇ ಇದ್ದವು.

"ನಾನ್ರಿ ಕಾಕು. ಸುಜಾತಾ."

"ಅಕ್ಕೋರ ಬಂದ್ರೇನು?" ಎಂದಳು. "ಕುಂಡ್ರಿ."

ತಂಗಿ ಎನ್ನಲಿಲ್ಲ. ರೀ ಹಚ್ಚಿದಳು. ನಾನು ಕೂತೆ. ಬಿಸಿಲು, ಪರೀಕ್ಷೆ, ಮಕ್ಕಳು ಎಂದು ಏನೇನೋ ಮಾತಾಡಿದೆ. ಅವಳು ಹೂಂಗುಟ್ಟುತ್ತ ಕೈ ಒರೆಸಿಕೊಂಡಳು. "ರೇಣುಕಾ, ಟ್ರಂಕಿನ್ಯಾಗಿನ ಸಿರಿ ಶಾಲು ತಾ. ನನ್ನ ಡಬ್ಬಿನೂ ತಾ," ಎಂದಳು.

ಶಾಲು ತೊಡೆಯ ಮೇಲೆ ಬಂತು. ನುಸಿಗುಳಿಗೆಯ ವಾಸನೆ. ನೀಲವ್ವನ ಬೆರಳುಗಳು ಅಂಚು ಹಿಡಿದು ಒಂದೊಂದೇ ತೆನೆ ದಾಟುತ್ತ ಹೋಗಿ ಒಂದು ಕಡೆ ನಿಂತವು.

"ಇಲ್ಲೆ ಬಿಗಿ ಐತಿ. ಕೆಳಗಿಂದ ಮ್ಯಾಲಿನತನಕ ಒಂದ ಕಂಬ ಬಿಗಿ. ಕೊಕ್ಕಿ ಹಾಕಿ ಎತ್ತಿದ್ದು. ನನ್ನ ಕೈ ಸಡಲು. ನಿಮ್ಮ ಕೈ ಬಿಗಿ, ಅಕ್ಕೋರ."

"ಯಾವಾಗ ಗೊತ್ತಾತ್ರಿ ಕಾಕು?"

"ಕಣ್ಣು ಹೋದ ಮ್ಯಾಲ. ಬೆರಳಿಗೆ ಬ್ಯಾರೆ ಕೆಲಸ ಇದ್ದಿಲ್ಲಲ್ಲ. ಹಬ್ಬಕ್ಕ ಫೋನ್ ಮಾಡಿದಾಗೆಲ್ಲ ಈ ಸಲ ಹೇಳತೀರಿ, ಈ ಸಲ ಹೇಳತೀರಿ ಅಂತ ಕೇಳಕೋತ ಕುಂತೆ. ನೀವು ಮಳಿ ಬಂತೇನ್ರಿ ಅಂತ ಕೇಳಿ ಇಟ್ಟಬಿಡತಿದ್ರಿ."

ಆಗ ಹೇಳಿದೆ. ದೀಪಾವಳಿಯಿಂದ ಹಿಡಿದು ಶಿಬಿರದ ಪಟ್ಟಿಯ ಖಾಲಿ ಗೆರೆಯವರೆಗೆ, ಡಾಕ್ಟರ ಗೋಡೆಯ ಚಿತ್ರದವರೆಗೆ, ನನ್ನ ಸೊಕ್ಕನ್ನೂ ಬಿಡದೆ, ಅಳುತ್ತಲೇ ಹೇಳಿದೆ. ಬಾಗಿಲಲ್ಲಿ ರೇಣುಕಾ ಚಹದ ಲೋಟ ಹಿಡಿದು ನಿಂತೇ ಇದ್ದಳು. ನೀಲವ್ವ ನನ್ನನ್ನು ಸಮಾಧಾನ ಮಾಡಲಿಲ್ಲ. ಹೋಗಲಿ ಬಿಡು ಎನ್ನಲಿಲ್ಲ. ಅಂದಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಡಬ್ಬಿಯನ್ನು ನನ್ನ ಕಡೆ ಸರಿಸಿದಳು.

"ಕೆಂಪು ದಾರ ಇದರಾಗ ಐತಿ. ಎಷ್ಟು ಕಡೆ ತಿದ್ದೀರಿ, ಅಷ್ಟೂ ಕಡೆ ಗಂಟು ಹಾಕ್ರಿ. ಸಿರಿ ಮುಂದ ಇದನ್ನ ತನ್ನ ಕೂಸಿಗೆ ಹೊದಸ್ತಾಳ. ಆಕಿಗೆ ಗೊತ್ತಿರಲಿ."

ಶಾಲನ್ನು ಮಗುಚಿ ಹಾಸಿಕೊಂಡೆ. ಏಳು ವರ್ಷವಾದರೂ ಆ ಜಾಗಗಳೆಲ್ಲ ನನಗೆ ಬಾಯಿಪಾಠ. ಅಂಚು ಹಿಡಿದು ಒಂದೊಂದೇ ಕಡೆ ಸಾಸಿವೆಯಷ್ಟು ಗಂಟು ಹಾಕುತ್ತ ಹೋದೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಒಟ್ಟು ಒಂಬತ್ತಾದವು. ಹೊರಗೆ ಯಾವುದೋ ಮನೆಯ ಮಗ್ಗ ಶುರುವಾಗಿ ನಿಂತಿತು.

"ಆತ್ರಿ ಕಾಕು," ಎಂದೆ.

ನೀಲವ್ವ ಶಾಲನ್ನು ಎಳೆದುಕೊಂಡಳು. ಬೆರಳುಗಳು ಒಂದೊಂದೇ ಗಂಟನ್ನು ಮುಟ್ಟಿ ದಾಟಿದವು. ಒಂಬತ್ತೂ ಮುಗಿದ ಮೇಲೂ ನಿಲ್ಲದೆ ಮುಂದೆ ಹೋಗಿ, ಒಂದು ಮೂಲೆಯ ತೆನೆಯ ಹತ್ತಿರ ತಡೆದವು. ನಾನು ಬಗ್ಗಿ ನೋಡಿದೆ. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ. ಅವಳು ನನ್ನ ಬೆರಳು ಹಿಡಿದು ಆ ಜಾಗಕ್ಕೆ ಒತ್ತಿದಳು. ಬಿಗಿ ಇತ್ತು.

"ಇಲ್ಲೊಂದು ಬಿಟ್ಟಿ ನೋಡ, ತಂಗಿ," ಎಂದಳು.

ನಾನು ಮತ್ತೆ ಸೂಜಿಗೆ ದಾರ ಪೋಣಿಸಿದೆ.